ತೀರದ ಮೈಕೈ ನೋವು: ವ್ಯಾಯಾಮ ಶುರುಮಾಡುವುದು ಹೇಗೆ?

ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆಯೂ ಸರಿಯಿದೆ. ಆದರೂ ಕುತ್ತಿಗೆ, ಭುಜ, ಸೊಂಟ, ತೊಡೆ ಎಲ್ಲವೂ ನೋಯುತ್ತವೆ. ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಏಳುವಾಗಲೇ ದಣಿವು. ಮೂರು ತಿಂಗಳಿಗೂ ಹೆಚ್ಚು ಕಾಲ ಹೀಗಿದ್ದರೆ ಅದು ಫೈಬ್ರೊಮಯಾಲ್ಜಿಯಾ ಆಗಿರಬಹುದು. ಸ್ನಾಯುಗಳಿಗೆ ಗಾಯವಾಗಿರುವುದಿಲ್ಲ, ನೋವಿನ ಸಂಕೇತವನ್ನು ನರಮಂಡಲವೇ ದೊಡ್ಡದು ಮಾಡುತ್ತಿರುತ್ತದೆ. ಅನುಭವಿಸುವ ನೋವು ಮಾತ್ರ ಖಂಡಿತ ನಿಜ. ‘ಎಲ್ಲಾ ಮನಸ್ಸಿನದು’ ಎಂದು ಮನೆಯವರು ತಳ್ಳಿಹಾಕುವುದು ಅನ್ಯಾಯ.

ಈ ತೊಂದರೆಯ ಬಗ್ಗೆ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ‘ಬಲವಾದ’ ಶಿಫಾರಸು ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ.

ಮೊದಲು ವೈದ್ಯರನ್ನು ಕಾಣಿ. ಥೈರಾಯ್ಡ್ ಕೊರತೆಯಿಂದಲೂ ಕೊಲೆಸ್ಟರಾಲ್ ತಗ್ಗಿಸುವ ಕೆಲವು ಮಾತ್ರೆಗಳಿಂದಲೂ ಮೈಕೈ ನೋವು ಬರುತ್ತದೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕೈಕಾಲಿನ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ವ್ಯಾಯಾಮದ ಮಾತೇ ಬೇಡ, ಕೂಡಲೇ ಆಸ್ಪತ್ರೆಗೆ ಹೋಗಿ.

<b>1. ಅಳೆಯಿರಿ.</b> ಮೂರು ದಿನ ಸಮತಟ್ಟಾದ ರಸ್ತೆಯಲ್ಲಿ ನಡೆಯಿರಿ. ನೋವು ಏರತೊಡಗುವ ಮುನ್ನ ಎಷ್ಟು ನಿಮಿಷ ನಡೆದಿರಿ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. 8, 12, 10 ಎಂದು ಬಂದರೆ ಸರಾಸರಿ 10. ಆರಂಭಿಸಬೇಕಾದದ್ದು ಅದಕ್ಕೂ ಕಡಿಮೆ, 8 ನಿಮಿಷದಿಂದ.

<b>2. ಗಡಿಯಾರದ ಮಾತು ಕೇಳಿ.</b> ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ದಿನ ಮೈ ಹಗುರವೆನಿಸುತ್ತದೆ. ಹಬ್ಬ ಹತ್ತಿರದಲ್ಲಿದೆ ಎಂದು ಜೇಡರ ಬಲೆ ತೆಗೆದು, ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದು, ಪರದೆ ಒಗೆದು ಮುಗಿಸುತ್ತಾರೆ. ಮುಂದಿನ ಮೂರು ದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಹೀಗೆ ಮಲಗಿದಷ್ಟೂ ಸ್ನಾಯುಗಳ ತ್ರಾಣ ಇಳಿಯುತ್ತದೆ, ಮರುವಾರ ಅರ್ಧ ಕೆಲಸಕ್ಕೇ ನೋವು ಮರಳುತ್ತದೆ. ಆದ್ದರಿಂದ ಹಗುರವೆನಿಸಿದ ದಿನವೂ 8 ನಿಮಿಷವೇ, ಮನೆಕೆಲಸವನ್ನೂ ಹೀಗೆಯೇ ಹಂಚಿಕೊಳ್ಳಿ: ಇಂದು ಒಂದು ಕಪಾಟು, ನಾಳೆ ಇನ್ನೊಂದು. ಉಳಿದದ್ದಕ್ಕೆ ಮನೆಮಂದಿ ಕೈಹಾಕಲಿ.

ವಾರಕ್ಕೆ ಒಂದು ನಿಮಿಷದಂತೆ ಏರಿಸಿ. ನಡೆದ ಬಳಿಕ ಸ್ವಲ್ಪ ನೋಯುವುದು ಸಹಜ, ಅದರಿಂದ ಸ್ನಾಯುವಿಗೆ ಹಾನಿಯಿಲ್ಲ. ಮರುದಿನದ ಹೊತ್ತಿಗೆ ಆ ನೋವು ಎಂದಿನ ಮಟ್ಟಕ್ಕೆ ಇಳಿಯದಿದ್ದರೆ ಏರಿಸಿದ್ದು ಹೆಚ್ಚಾಯಿತೆಂದು ತಿಳಿದು ಹಿಂದಿನ ವಾರದ ಅಳತೆಗೆ ಮರಳಿ. ವಾರಕ್ಕೆ ಎರಡು ಮೂರು ದಿನ, 20ರಿಂದ 30 ನಿಮಿಷ ನಡೆಯುವುದು ಗುರಿ. ಅದಕ್ಕೆ ತಿಂಗಳುಗಳೇ ಹಿಡಿಯಲಿ, ಪರವಾಗಿಲ್ಲ.

<b>3. ಬಲ ಕೂಡಿಸಿ.</b> ನಾಲ್ಕು ವಾರಗಳ ನಂತರ, ವಾರಕ್ಕೆ ಎರಡು ದಿನ: ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಊರಿ ತಳ್ಳುವುದು, ಹಿಮ್ಮಡಿ ಎತ್ತಿ ಇಳಿಸುವುದು. ತಲಾ ಐದು ಸಲ ಸಾಕು. ತೋಳಿನ ವ್ಯಾಯಾಮಕ್ಕೆ ಎತ್ತುವ ಭಾರವಾಗಿ ಅರ್ಧ ಲೀಟರಿನ ನೀರಿನ ಬಾಟಲಿಯೇ ಸಾಕು.

ಫಿಸಿಯೋಥೆರಪಿಗೆ ಹೋಗುವುದಾದರೆ ಬರೀ ಶಾಖ, ಯಂತ್ರಗಳ ಚಿಕಿತ್ಸೆ ಪಡೆದು ಬರಬೇಡಿ. ಅವು ಕೊಡುವ ಆರಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಬರೆಸಿಕೊಳ್ಳಿ, ಅವರ ಎದುರಿಗೇ ಒಮ್ಮೆ ಮಾಡಿ ತೋರಿಸಿ.

ನೋವು ಕೆರಳಿದ ವಾರ ಪೂರ್ತಿ ನಿಲ್ಲಿಸಬೇಡಿ, ಅಳತೆಯನ್ನು ಅರ್ಧಕ್ಕೆ ಇಳಿಸಿ. ಅಂಗಳದಲ್ಲಿ ನಾಲ್ಕು ನಿಮಿಷ ನಡೆದರೂ ಕ್ಯಾಲೆಂಡರಿನಲ್ಲಿ ನಾಲ್ಕು ಎಂದು ಬರೆಯಿರಿ.