ಜರ್ಮನಿಯ ಬಾಲ್ಕನಿಯಲ್ಲಿ ಭಂಗಿ ಗಿಡ: ಎರಡು ವರ್ಷದ ನನ್ನ ಅನುಭವ

ಒಂದು ಗಾಂಜಾ ಬೀಜಕ್ಕೆ 9 ಯೂರೋ ಅಂತ ನೋಡಿದಾಗ ಮೊದಲು ನೆನಪಾದದ್ದು ಅಪ್ಪ. ಹೆಚ್ಚುಕಮ್ಮಿ ಎಂಟುನೂರು ರೂಪಾಯಿ, ಅದೂ ಒಂದೇ ಒಂದು ಬೀಜಕ್ಕೆ! ಬ್ಯಾಡಗಿ ಸೀಮೆಯ ನಮ್ಮ ಹೊಲದಲ್ಲಿ ಅಪ್ಪ ಮೆಣಸಿನ ಬೀಜಕ್ಕೆ ದುಡ್ಡು ಕೊಟ್ಟದ್ದನ್ನು ನಾನು ಚಿಕ್ಕಂದಿನಲ್ಲಿ ನೋಡೇ ಇಲ್ಲ. ಕಣದಲ್ಲಿ ಒಣಗುವ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಣ್ಣ ಕಟ್ಟಿದ, ಸುಕ್ಕು ಒಪ್ಪಾಗಿ ಬಿದ್ದ ಕಾಯಿಗಳನ್ನು ಆರಿಸಿ ಬೇರೆ ಇಡುತ್ತಿದ್ದ. ಮರುವರ್ಷದ ಬೀಜ ಅದೇ.

ನಾನಿರುವುದು ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ, ಮೈನ್ ನದಿಯ ದಂಡೆಯ ಊರು, ಸುತ್ತ ದ್ರಾಕ್ಷಿ ಗುಡ್ಡ. 2024ರ ಏಪ್ರಿಲ್ 1ರಿಂದ ಇಲ್ಲಿ 18 ತುಂಬಿದವರು ಮನೆಯಲ್ಲಿ ಸ್ವಂತಕ್ಕೆ ಮೂರು ಗಾಂಜಾ ಗಿಡ ಬೆಳೆಸಬಹುದು. ಕನಿಷ್ಠ ಆರು ತಿಂಗಳಿಂದ ಈ ದೇಶದ ನಿವಾಸಿಯಾಗಿರಬೇಕು. ಒಣಗಿಸಿದ್ದು ಮನೆಯಲ್ಲಿ 50 ಗ್ರಾಂ ಮೀರುವಂತಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಬೆಳೆದದ್ದನ್ನು ಇನ್ನೊಬ್ಬರಿಗೆ ಪುಕ್ಕಟೆಯಾಗಿಯೂ ಕೊಡುವಂತಿಲ್ಲ. ಊರಿನ ಗೆಳೆಯರು ಫೋನಿನಲ್ಲಿ "ಬರ್ತಾ ನಾಕ್ ಬೀಜ ತಾರಲೇ" ಅಂದದ್ದುಂಟು. ಆ ಮಾತೇ ಬೇಡ. ನಮ್ಮಲ್ಲಿ ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ ಹತ್ತು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ಹಾಗಾಗಿ ಇದನ್ನು ಹಾವೇರಿಯಲ್ಲೋ ಬೆಂಗಳೂರಲ್ಲೋ ಕೂತು ಓದುತ್ತಿರುವವರು ಬರೀ ಓದಿ.

ನಾನೇನು ದೊಡ್ಡ ಸೇದುಗಾರನಲ್ಲ. ರೈತನ ಮಗ, ಹದಿನೈದು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವನು, ಕೈಗೆ ಮಣ್ಣು ಬೇಕಿತ್ತು. ಜೊತೆಗೆ ಒಂದು ಕುತೂಹಲ. ಬೀಜ ಮಾರುವವರ ಪಟ್ಟಿಯಲ್ಲಿ ನೂರಾರು ತಳಿಗಳು, ಒಂದೊಂದಕ್ಕೂ ಜಾತಕ ಬರೆದಂತೆ ವಿವರಣೆ: ಇದು ನಿದ್ದೆಗೆ, ಇದು ಉಲ್ಲಾಸಕ್ಕೆ, ಇದರಲ್ಲಿ ನಿಂಬೆ ವಾಸನೆ, ಅದರಲ್ಲಿ ಪೈನ್ ಮರದ ವಾಸನೆ. ನಿಜವೇ? ಮೂರು ಕುಂಡದಲ್ಲಿ ಮೂರು ತಳಿ ಹಾಕಿ ನಾನೇ ನೋಡುವುದು ಅಂದುಕೊಂಡೆ.

ತರಿಸಿದ್ದು ಇವು. ನಾರ್ದರ್ನ್ ಲೈಟ್ಸ್‌ನ ಆಟೋ ಬೀಜ ಎರಡು. ಆಟೋ ಅಂದರೆ ಹಗಲು ಎಷ್ಟು ಉದ್ದ ಅಂತ ನೋಡದೆ ವಯಸ್ಸಿಗೆ ಬಂದ ಕೂಡಲೇ ಹೂ ಬಿಡುವಂಥದ್ದು. ರುಡರಾಲಿಸ್ ಅನ್ನುವ ಉತ್ತರದ ಕಾಡು ಗಿಡದಿಂದ ಬಂದ ಗುಣ. ಎರಡನೆಯದು ದಕ್ಷಿಣ ಆಫ್ರಿಕಾ ಮೂಲದ ಡರ್ಬನ್ ಪಾಯ್ಸನ್, ಹೆಣ್ಣು ಗಿಡವೇ ಬರುವಂತೆ ಮಾಡಿದ ಬೀಜ. ಮೂರನೆಯದು ಅಮಲು ಏರಿಸುವ ಟಿಎಚ್‌ಸಿ ಕಡಿಮೆ, ಅಮಲು ಏರಿಸದ ಸಿಬಿಡಿ ಹೆಚ್ಚು ಇರುವ ಒಂದು ತಳಿ. ಅದು ಮಾಮೂಲಿ ಬೀಜ, ಗಂಡೋ ಹೆಣ್ಣೋ ದೇವರೇ ಬಲ್ಲ. ಅಗ್ಗ ಅಂತ ತಗೊಂಡೆ. ಅದರ ಫಲ ಮುಂದೆ ಹೇಳುತ್ತೇನೆ.

ಬೀಜ ಮೊಳಕೆ ಬರಿಸುವುದರಲ್ಲಿ ವಿಶೇಷವೇನಿಲ್ಲ. ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಎರಡು ತಟ್ಟೆಯ ನಡುವೆ ಮುಚ್ಚಿ ರೂಟರ್ ಮೇಲೆ ಇಟ್ಟೆ, ಅಲ್ಲಿ ಹದವಾದ ಬಿಸಿ ಇರುತ್ತದೆ. ಭತ್ತವನ್ನು ಗೋಣಿಚೀಲದಲ್ಲಿ ಕಟ್ಟಿ ಮೊಳಕೆ ಬರಿಸುವ ಲೆಕ್ಕವೇ. ಮೂರನೇ ದಿನ ಹುಲಿಪಟ್ಟೆಯ ಸಿಪ್ಪೆ ಸೀಳಿ ಬಿಳಿ ಬೇರು ಇಣುಕಿತು. ಬೇರು ಕೆಳಗೆ ಮಾಡಿ, ಒಂದು ಸೆಂಟಿಮೀಟರ್ ಆಳಕ್ಕೆ ಇಳಿಸಿದೆ.

ತಪ್ಪು ಮಾಡಿದ್ದು ಅದಾದ ಮೇಲೆ. ಪ್ರೀತಿ ಹೆಚ್ಚಾಗಿ ದಿನಾ ನೀರು ಹಾಕಿದೆ. ಮಣ್ಣು ಆರಲೇ ಇಲ್ಲ, ಸಣ್ಣ ಕರಿ ನೊಣಗಳು ಎದ್ದವು, ಡರ್ಬನ್ ಸಸಿಯ ಬುಡ ದಾರದಂತೆ ಸೊರಗಿತು. ಅಪ್ಪನಿಗೆ ಫೋಟೋ ಕಳಿಸಿದೆ, ಯಾವ ಗಿಡ ಅಂತ ಹೇಳಲಿಲ್ಲ. "ಬುಡ ಕೊಳಿಯಾಕತ್ತೈತಿ. ನೀರ ನಿಲ್ಸು, ಕೊರಳಿನ ತನಕ ಮಣ್ಣ ಏರ್ಸು" ಅಂದ. ಹಾಗೇ ಮಾಡಿದೆ, ಬದುಕಿತು. ಅಂದಿನಿಂದ ಕುಂಡ ಎತ್ತಿ ನೋಡಿ, ಹಗುರಾಗಿದ್ದರೆ ಮಾತ್ರ ನೀರು. ಈ ಲೇಖನದಲ್ಲಿ ನೆನಪಿಡುವಂಥ ಕೃಷಿ ವಿದ್ಯೆ ಏನಾದರೂ ಇದ್ದರೆ ಇದೊಂದೇ.

ನಡುವೆ ಅವ್ವನ ವಿಡಿಯೋ ಕಾಲ್. ಕಿಟಕಿಯ ಮೇಲೆ ಐದು ಬೆರಳಿನ ಎಲೆ ಬಿಟ್ಟ ಸಸಿ ಅವಳ ಕಣ್ಣಿಗೆ ಬಿತ್ತು. "ಇದ ಭಂಗಿ ಗಿಡ ಅಲ್ಲೇನೋ?" ನಮ್ಮೂರಿನ ಮಠಕ್ಕೆ ಬರುವ ಬೈರಾಗಿಗಳ ಚಿಲುಮೆ ನೋಡಿ ಬೆಳೆದವಳು, ಅವಳನ್ನು ಏಮಾರಿಸಲು ಆಗುತ್ತದೆಯೇ? ಕಾನೂನು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಕೆಲಸಾ ಹೋದೀತು ನೋಡ್ಕೋ" ಅಂದಳು. ಅಪ್ಪ ಹಿಂದಿನಿಂದ ನಗುತ್ತಿದ್ದ.

ಜರ್ಮನಿಯ ತೋಟಗಾರರು ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮದ ಸಂತರ ದಿನ ಅನ್ನುತ್ತಾರೆ. ಅವು ಕಳೆಯುವವರೆಗೆ ನಾಜೂಕಿನ ಸಸಿಗಳನ್ನು ಹೊರಗಿಡುವುದಿಲ್ಲ. ಮಳೆ ನಕ್ಷತ್ರದ ಗಾದೆ ಕೇಳಿ ಬೆಳೆದ ನನಗೆ ಇದು ಇಷ್ಟವಾಯಿತು, ಪಾಲಿಸಿದೆ ಕೂಡ. 2024ರ ಏಪ್ರಿಲ್ ಕೊನೆಯಲ್ಲಿ ಬಿದ್ದ ಹಿಮಕ್ಕೆ ಇಲ್ಲಿಯ ಗುಡ್ಡಗಳ ಮೇಲೆ ದ್ರಾಕ್ಷಿಯ ಚಿಗುರು ಸುಟ್ಟು ಕಂದಾಗಿತ್ತು. ಮೇ 17ಕ್ಕೆ 15 ಲೀಟರ್ ಕುಂಡಗಳು ದಕ್ಷಿಣದ ಬಾಲ್ಕನಿಗೆ ಹೋದವು. ಬಾಲ್ಕನಿಯ ಬಾಗಿಲಿಗೆ ಬೀಗ, ಕಟಕಟೆಗೆ ಬಿದಿರಿನ ಚಾಪೆಯ ಮರೆ.

ಜೂನ್‌ನಲ್ಲಿ ಎಲೆ ಹಳದಿ ತಿರುಗಿತು, ನರಗಳು ಮಾತ್ರ ಹಸಿರು. ಗೊಬ್ಬರ ಸಾಲದು ಅಂತ ಟೊಮೆಟೊ ಗೊಬ್ಬರ ಹಾಕಿದೆ, ಎಲೆಯ ತುದಿ ಸುಟ್ಟಿತು. ಕಾರಣ ಸಿಕ್ಕಿದ್ದು ಅಡುಗೆಮನೆಯಲ್ಲಿ, ನೀರು ಕಾಯಿಸುವ ಕೆಟಲ್ ಒಳಗೆ ಕಟ್ಟಿದ ಬಿಳಿ ಪದರದಲ್ಲಿ. ಈ ಊರಿನ ನೆಲ ಸುಣ್ಣದ ಕಲ್ಲು, ನಲ್ಲಿ ನೀರು ತೀರಾ ಗಡಸು. ಸುಣ್ಣ ಹೆಚ್ಚಾದರೆ ಮಣ್ಣಲ್ಲಿರುವ ಕಬ್ಬಿಣಾಂಶವೂ ಬೇರಿಗೆ ದಕ್ಕುವುದಿಲ್ಲ. ಬಕೆಟ್ ಇಟ್ಟು ಮಳೆ ನೀರು ಹಿಡಿದು ಹಾಕತೊಡಗಿದೆ. ಹಳೆ ಎಲೆ ಹಾಗೇ ಉಳಿಯಿತು, ಹೊಸ ಚಿಗುರು ಹಸಿರಾಗಿ ಬಂತು.

ಜುಲೈ ಮೊದಲ ವಾರ ಸಿಬಿಡಿ ಗಿಡದ ಗೆಣ್ಣಿನಲ್ಲಿ ಪುಟ್ಟ ಗುಂಡುಗಳು ಜೋತುಬಿದ್ದವು. ಹೆಣ್ಣಾಗಿದ್ದರೆ ಎರಡು ಬಿಳಿ ಕೂದಲು ಇಣುಕಬೇಕಿತ್ತು. ಪಪ್ಪಾಯಿ ಹಾಕಿದವರಿಗೆ ಈ ಸಂಕಟ ಗೊತ್ತು: ವರ್ಷವಿಡೀ ಸಾಕಿ, ಕೊನೆಗೆ ಉದ್ದ ತೊಟ್ಟಿನ ಗಂಡು ಹೂ ನೋಡುವುದು. ಪಪ್ಪಾಯಿಯಲ್ಲಾದರೆ ಒಂದು ಗಂಡು ಗಿಡ ಬಿಡುತ್ತೇವೆ. ಇಲ್ಲಿ ಬಿಟ್ಟರೆ ಪರಾಗ ಗಾಳಿಯಲ್ಲಿ ಹಾರಿ ಉಳಿದೆರಡು ಗಿಡದ ಹೂವೆಲ್ಲ ಬೀಜವಾಗುತ್ತದೆ. ಅಂದು ಸಂಜೆಯೇ ಕಡಿದೆ. ಖಾಲಿಯಾದ ಕುಂಡಕ್ಕೆ ಉಳಿದಿದ್ದ ಇನ್ನೊಂದು ನಾರ್ದರ್ನ್ ಲೈಟ್ಸ್ ಬೀಜ ಹಾಕಿದೆ. ಮೂರು ತಳಿಯ ನನ್ನ ಹೋಲಿಕೆ ಅಲ್ಲಿಗೆ ಕುಂಟಿತು.

ಮೊದಲ ಆಟೋ ಗಿಡ ಅಷ್ಟರಲ್ಲಿ ಮೊಣಕಾಲೆತ್ತರಕ್ಕೇ ನಿಂತು ಹೂ ತುಂಬಿಕೊಂಡಿತ್ತು. ಯಾವಾಗ ಕೊಯ್ಯಬೇಕು ಅನ್ನುವುದನ್ನು ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಹೂವಿನ ಮೇಲೆ ಗುಂಡುಸೂಜಿಯ ತಲೆಯಂಥ ಅಂಟಿನ ಹನಿಗಳು. ಮೊದಲು ಗಾಜಿನಂತೆ ತಿಳಿ, ಆಮೇಲೆ ಹಾಲು ಬೆರೆಸಿದಂತೆ, ಕೊನೆಗೆ ಅಲ್ಲೊಂದು ಇಲ್ಲೊಂದು ಜೇನುಬಣ್ಣ. ಬಹುಪಾಲು ಹಾಲುಬಣ್ಣಕ್ಕೆ ತಿರುಗಿದಾಗ, ಜುಲೈ 24ಕ್ಕೆ ಕತ್ತರಿಸಿದೆ. ಒಣಗಿ 31 ಗ್ರಾಂ.

ಡರ್ಬನ್‌ನದು ಬೇರೆಯೇ ಕಥೆ. ಜೂನ್ ಕೊನೆಯಲ್ಲಿ ಇಲ್ಲಿ ಹಗಲು ಹದಿನಾರು ಗಂಟೆಗೂ ಹೆಚ್ಚು. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಹಗಲಿನ ಉದ್ದ ಬೆಳೆಯ ಹಣೆಬರಹ ಬರೆಯುತ್ತದೆ ಅನ್ನುವುದು ನನಗೆ ಪುಸ್ತಕದ ಮಾತಾಗಿತ್ತು, ಈ ಗಿಡ ತೋರಿಸಿಕೊಟ್ಟಿತು. ಉದ್ದದ ಹಗಲಲ್ಲಿ ಬರೀ ಬೆಳೆಯುವುದೇ ಕೆಲಸ. ಆಗಸ್ಟ್‌ಗೆ ನನ್ನ ತಲೆ ಮೀರಿತು, ಬಾಗಿಸಿ ಕಟಕಟೆಗೆ ಕಟ್ಟಿದೆ. ಹಗಲು ಕುಗ್ಗಿದ ಮೇಲೆ ಆಗಸ್ಟ್ ಕೊನೆಗೆ ಹೂ ಶುರು. ಜೊತೆಗೇ ವಾಸನೆ: ಬಡೇಸೋಪು ಜಜ್ಜಿದಂಥ ಸಿಹಿ ಘಾಟು, ಕೆಳಗೆ ಎಲ್ಲೋ ಹಸಿ ಮೆಣಸು. ಪಟ್ಟಿಯಲ್ಲೂ ಸೋಂಪಿನ ವಾಸನೆ ಅಂತಲೇ ಇತ್ತು, ಆ ಮಟ್ಟಿಗೆ ಸುಳ್ಳಲ್ಲ. ಕೆಳಮನೆಯ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಾಗ "ನಿಮ್ಮ ಇಂಡಿಯಾದ ಅಡುಗೆಯ ವಾಸನೆ ಚೆನ್ನಾಗಿದೆ" ಅಂದರು. ಸುಳ್ಳು ಹೇಳಬಾರದು ಅಂತ ನಿಜ ಹೇಳಿದೆ. ಆಮೇಲೆ ಮನೆ ಮಾಲೀಕರಿಂದ ಒಂದು ಪತ್ರ ಬಂತು, ಎರಡು ಪುಟ. ಕಾನೂನು ನನ್ನ ಪರ ಇದ್ದರೂ ಅಜ್ಜಿಯ ಕಿಟಕಿಯಿಂದ ಆದಷ್ಟು ದೂರದ ಮೂಲೆಗೆ ಕುಂಡ ಸರಿಸಿದೆ. ಆ ಮೂಲೆಯಲ್ಲಿ ಗಾಳಿ ಕಡಿಮೆ.

ಅದೇ ಮುಳುವಾಯಿತು. ಅಕ್ಟೋಬರ್‌ನಲ್ಲಿ ನದಿಯಿಂದ ಮಂಜು ಏಳುತ್ತದೆ, ಮಧ್ಯಾಹ್ನದವರೆಗೂ ಇಳಿಯುವುದಿಲ್ಲ. ಒಂದು ಬೆಳಿಗ್ಗೆ ದಪ್ಪ ಹೂಗೊಂಚಲಿನ ನಡುವೆ ಒಂದೇ ಒಂದು ಎಲೆ ಒಣಗಿ ನಿಂತಿತ್ತು. ಎಳೆದರೆ ಸಲೀಸಾಗಿ ಬಂತು. ಗೊಂಚಲು ಬಿಡಿಸಿದರೆ ಒಳಗೆಲ್ಲ ಬೂದು ಬೂಷ್ಟು, ಮುಟ್ಟಿದರೆ ಹೊಗೆಯಂತೆ ಪುಡಿ. ದ್ರಾಕ್ಷಿ ಕೊಳೆಸುವ ಬೊಟ್ರೈಟಿಸ್ ಅನ್ನುವ ಬೂಷ್ಟೇ ಇದು. ಇನ್ನೂ ಹತ್ತು ದಿನ ಬೇಕಿದ್ದ ಗಿಡವನ್ನು ಅಂದೇ ಕಡಿದೆ, ಅರ್ಧಕ್ಕಿಂತ ಹೆಚ್ಚು ಎಸೆದೆ. ಬೂಷ್ಟು ಹಿಡಿದದ್ದನ್ನು ಕತ್ತರಿಸಿ "ಉಳಿದದ್ದು ಚೆನ್ನಾಗಿದೆ" ಅಂತ ಆಸೆಬೀಳಬಾರದು. ಶ್ವಾಸಕೋಶಕ್ಕೆ ಹೋಗುವ ವಸ್ತು. ಬೂಷ್ಟಿನ ಸುಳಿವೇ ಇಲ್ಲದ ತುದಿಯ ಕೊಂಬೆಗಳನ್ನಷ್ಟೇ ಉಳಿಸಿದೆ, ಒಣಗಿದಾಗ 22 ಗ್ರಾಂ.

ಒಣಗಿಸುವುದಕ್ಕೆ ಮೆಣಸಿನಕಾಯಿಯ ಅನುಭವ ಉಪಯೋಗಕ್ಕೆ ಬರಲಿಲ್ಲ, ತಿರುಗುಮುರುಗು. ಅಲ್ಲಿ ಬಿಸಿಲು ಬೇಕು, ಇಲ್ಲಿ ಕತ್ತಲೆ. ಸಾಮಾನು ಕೋಣೆಯಲ್ಲಿ ಹಗ್ಗ ಕಟ್ಟಿ ಕೊಂಬೆಗಳನ್ನು ತಲೆಕೆಳಗಾಗಿ ತೂಗುಬಿಟ್ಟೆ. 19 ಡಿಗ್ರಿ, ಹತ್ತು ಹನ್ನೆರಡು ದಿನ. ಸಣ್ಣ ಕಡ್ಡಿ ಬಾಗದೆ ಚಟಕ್ಕೆಂದು ಮುರಿದರೆ ಗಾಜಿನ ಭರಣಿಗೆ. ಅವಸರ ಮಾಡಿದ ಮೊದಲ ಆಟೋದಲ್ಲಿ ಹಸಿ ಹುಲ್ಲಿನ ವಾಸನೆ ಕೊನೆಗೂ ಹೋಗಲಿಲ್ಲ.

ಭರಣಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಹೊಸ ಫಜೀತಿ. ಎರಡನೇ ಆಟೋ ಸೆಪ್ಟೆಂಬರ್‌ನಲ್ಲಿ ಕೊಟ್ಟದ್ದು 14 ಗ್ರಾಂ. ಬಳಸಿದ್ದು ಕಳೆದು ಒಟ್ಟು 58. ಮಿತಿ 50. ಮೂರು ಗಿಡ ಬೆಳೆಸಲು ಬಿಟ್ಟವರು ಒಂದು ಗಿಡ ಎಷ್ಟು ಬಿಡುತ್ತದೆ ಅಂತ ಯಾರನ್ನಾದರೂ ರೈತರನ್ನು ಕೇಳಬಹುದಿತ್ತು. ಗೆಳೆಯನಿಗೆ ಕೊಡುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಆರು ತಿಂಗಳು ಸಾಕಿದ್ದರಲ್ಲಿ ಎಂಟು ಗ್ರಾಂ ಚಿಲ್ಲರೆ ಕಾಫಿ ಗಸಿಯ ಜೊತೆ ಕಲಸಿ ಕಾಂಪೋಸ್ಟ್‌ಗೆ ಹಾಕಿದೆ.

ಇನ್ನು ಹೋಲಿಕೆ. ನಾರ್ದರ್ನ್ ಲೈಟ್ಸ್‌ನಲ್ಲಿ ನಾಲ್ಕು ಎಳೆತಕ್ಕೆ ಮೈ ಭಾರ, ಹತ್ತು ಗಂಟೆಗೆ ನಿದ್ದೆ. ಡರ್ಬನ್‌ನಲ್ಲಿ ಎರಡೇ ಎಳೆತಕ್ಕೆ ಎದೆ ಡಬಡಬ, ಇಲ್ಲದ ಚಿಂತೆಯೆಲ್ಲ ಸಾಲುಗಟ್ಟಿ ಬಂತು, ನನಗೆ ಆಗಿಬರಲಿಲ್ಲ. ಪಟ್ಟಿಯಲ್ಲಿ ಬರೆದದ್ದಕ್ಕೆ ಹತ್ತಿರವೇ. ಆದರೆ ನಾನು ಅದನ್ನು ಓದಿಯೇ ಸೇದಿದ್ದೆನಲ್ಲ! ಅದಕ್ಕಿಂತ ಹೆಚ್ಚು ಕಾಡಿದ್ದು ಎರಡು ಆಟೋಗಳು. ಒಂದೇ ಪ್ಯಾಕೆಟ್, ಒಂದು 31 ಗ್ರಾಂ, ಇನ್ನೊಂದು 14. ಬಿಸಿಲು ಕಡಿಮೆಯಾದದ್ದು ಕಾರಣವೋ, ಬೀಜವೇ ಬೇರೆಯೋ?

2025ರಲ್ಲಿ ಅದನ್ನೇ ಪರೀಕ್ಷೆ ಮಾಡಿದೆ. ಮೂರೂ ಕುಂಡಕ್ಕೆ ಒಂದೇ ಪ್ಯಾಕೆಟ್ಟಿನ ಡರ್ಬನ್, ಒಂದೇ ದಿನ, ಒಂದೇ ಮಣ್ಣು, ಅದೇ ಮಳೆ ನೀರು. ಕುಂಡಗಳ ಜಾಗವನ್ನೂ ವಾರಕ್ಕೊಮ್ಮೆ ಬದಲಾಯಿಸಿದೆ. ಆಗಸ್ಟ್ ಹೊತ್ತಿಗೆ ಒಂದು ತಲೆ ಮೀರಿತ್ತು, ಒಂದು ಸೊಂಟದೆತ್ತರ ದಾಟಲಿಲ್ಲ. ಎಲೆಯ ಬೆರಳು ಒಂದರಲ್ಲಿ ಸಣ್ಣಗೆ ಬಳ್ಳಿಯಂತೆ, ಇನ್ನೊಂದರಲ್ಲಿ ಅಗಲ. ಬಡೇಸೋಪಿನ ವಾಸನೆ ಬಂದದ್ದು ಒಂದಕ್ಕೆ ಮಾತ್ರ. ಗಿಡ್ಡನೆಯದರ ಹೂ ತಿಕ್ಕಿದರೆ ಮಾವಿನಕಾಯಿಯ ಸೊನೆ. ಮೂರನೆಯದು ಸುಮ್ಮನೆ ಗಿಡದ ವಾಸನೆ. ಹಿಂದಿನ ವರ್ಷ ಎರಡು ತಳಿಗಳ ನಡುವೆ ಕಂಡ ವ್ಯತ್ಯಾಸದಷ್ಟೇ ಈ ವರ್ಷ ಒಂದೇ ತಳಿಯೊಳಗೆ ಕಂಡಿತು.

ಯೋಚಿಸಿದರೆ ಸಹಜ. ಮೆಣಸು ಬಹುಮಟ್ಟಿಗೆ ತನ್ನ ಹೂವಿನಲ್ಲೇ ತಾನು ಕಾಯಿ ಕಟ್ಟುತ್ತದೆ, ಅದಕ್ಕೇ ಬ್ಯಾಡಗಿ ಮೆಣಸಿನ ಎರಡು ಬಗೆಗಳು, ಡಬ್ಬಿ ಡಬ್ಬಿಯಾಗಿ, ಕಡ್ಡಿ ಕಡ್ಡಿಯಾಗಿ ಉಳಿದಿವೆ. ಇದು ಗಾಳಿಯಲ್ಲಿ ಸಂಬಂಧ ಬೆಳೆಸುವ ಗಿಡ, ಹೆಣ್ಣು ಬೇರೆ ಗಂಡು ಬೇರೆ. ಬೀಜ ಬೀಜವೂ ಬೆರಕೆ. ಅದರ ಮೇಲೆ ಮಾರುವವರು ದಶಕಗಳಿಂದ ಕಲಸಿದ್ದಾರೆ. ಒಂದೇ ತಾಯಿಯಿಂದ ಕಡ್ಡಿ ಕತ್ತರಿಸಿ ಬೇರು ಬರಿಸಿದರೆ ಮಾತ್ರ ಒಂದೇ ಥರ. ಕೆನಡಾದ ಸಂಶೋಧಕರು 2015ರಲ್ಲಿ ವಂಶವಾಹಿ ಪರೀಕ್ಷಿಸಿ, ಗಾಂಜಾದ ಎರಡು ಬಗೆ ಅಂತ ಹಚ್ಚುವ ಇಂಡಿಕಾ–ಸಟೈವಾ ಅನ್ನುವ ಹಣೆಪಟ್ಟಿಗೂ ಗಿಡದ ನಿಜವಾದ ವಂಶಕ್ಕೂ ಸರಿಯಾದ ತಾಳೆಯಿಲ್ಲ, ಒಂದೇ ಹೆಸರಿನ ಗಿಡಗಳೂ ಎಷ್ಟೋ ಸಲ ಬೇರೆಬೇರೆ ಅಂತ ತೋರಿಸಿದ್ದರು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡಕ್ಕೆ ಸಟೈವಾ ಅಂದ. ಇನ್ನೊಬ್ಬ ಸಸ್ಯವಿಜ್ಞಾನಿ ಲಾಮಾರ್ಕ್ 1785ರಲ್ಲಿ ನಮ್ಮ ಕಡೆಯ ಗಿಡ ನೋಡಿ ಇಂಡಿಕಾ ಅಂದ. ಇವತ್ತಿನ ಪ್ಯಾಕೆಟ್ಟುಗಳ ಮೇಲೆ ಆ ಹೆಸರುಗಳು ಬರೀ ಅಲಂಕಾರ.

ಅಪ್ಪನಿಗೆ ಮೂರು ಗಿಡಗಳ ಫೋಟೋ ಸಾಲಾಗಿ ಕಳಿಸಿ, ಒಂದೇ ಪ್ಯಾಕೆಟ್ಟಿನವು ಅಂದೆ. ಬಹಳ ಹೊತ್ತು ಜೂಮ್ ಮಾಡಿ ನೋಡಿರಬೇಕು, ಸಂಜೆ ಫೋನ್ ಬಂತು. "ನಡುವಿಂದು ಗಿಡ್ಡಾಗಿ ಗಟ್ಟಿ ಐತಿ. ಬೀಜಕ್ಕ ಅದನ್ನ ಬಿಡು" ಅಂದ. ಬೀಜ ಕಟ್ಟಬೇಕಾದರೆ ಗಂಡು ಗಿಡ ಬೇಕು ಅಪ್ಪ, ನನಗೆ ಮೂರೇ ಕುಂಡ ಅಂದೆ. "ಮತ್ತ ಅದೆಂಥಾ ಒಕ್ಕಲುತನಪಾ ನಿಂದು" ಅಂದು ಫೋನ್ ಅವ್ವನ ಕೈಗೆ ಕೊಟ್ಟ.

ಆ ಗಿಡ್ಡನೆಯದಕ್ಕೆ ಅಕ್ಟೋಬರ್ ಮಂಜಿನಲ್ಲೂ ಬೂಷ್ಟು ತಾಗಲಿಲ್ಲ. ಕೊಯ್ಯುವ ಮೊದಲು ಕೆಳಗಿನ ಒಂದು ಎಳೆ ಕೊಂಬೆ ಕತ್ತರಿಸಿ ಲೋಟದ ನೀರಲ್ಲಿಟ್ಟೆ. ಹದಿನೆಂಟನೇ ದಿನ ಗಂಟಿನ ಹತ್ತಿರ ಬಿಳಿ ಬೇರು ಬಂತು. ಈಗ ರೂಟರ್ ಪಕ್ಕದ ಕಿಟಕಿಯಲ್ಲಿ ಸಣ್ಣ ದೀಪದ ಕೆಳಗಿದೆ, ಕುಂಡದ ಮೇಲೆ ತಳಿಯ ಹೆಸರಿನ ಬದಲು "ನಡುವಿಂದು" ಅಂತ ಬರೆದಿದ್ದೇನೆ.