ಮ್ಯೂಸಿಯಂನಲ್ಲಿ ಊದುವಾದ್ಯ ಕಛೇರಿ ಇಡುವುದು ಹೇಗೆ?

ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಂಥ ಮರದ ಕಂಬಗಳ ಮ್ಯೂಸಿಯಂನಲ್ಲಿ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್ ಎಂಬ ಪಾಶ್ಚಾತ್ಯ ಊದುವಾದ್ಯಗಳನ್ನು ನುಡಿಸುವ ಐವರ ಕಛೇರಿಗೆ ಮೈಕ್ ಬೇಡವೇ ಬೇಡ. ಮೈಕ್ ಇಡಲು ನಾನಂತೂ ಒಪ್ಪುವುದಿಲ್ಲ. ಉಸಿರಿನ ಸದ್ದೂ ಕೇಳಬೇಕು, ಅಲ್ವಾ?

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ವಾದ್ಯಗಳನ್ನೇ ಮೊದಲು ನೋಡಿಕೊಳ್ಳಿ. ತಣ್ಣಗಿರುವ ಮರದ ವಾದ್ಯದೊಳಗೆ ಬಿಸಿ ಉಸಿರು ಒಮ್ಮೆಲೇ ಹೋದರೆ ಬಿರುಕು ಬಿಡಬಹುದು. ಕಲಾವಿದರನ್ನು ಒಂದು ಗಂಟೆ ಮೊದಲೇ ಕರೆಸಿ. ಪೆಟ್ಟಿಗೆ ತೆರೆದು ಕೋಣೆಯಲ್ಲೇ ಇಡಲಿ, ಮೆಲ್ಲಗೆ ಊದಿ ಬೆಚ್ಚಗಾಗಿಸಲಿ. ವಾದ್ಯ ಬಿಸಿಯಾದಂತೆ ಶ್ರುತಿ ಏರುತ್ತದೆ. ಅದಕ್ಕೇ ಶ್ರುತಿ ಕೂಡಿಸುವುದು ಆಮೇಲೆ, ಓಬೋ ಹಿಡಿದ ಸ್ವರಕ್ಕೆ.

ಓಬೋ, ಬಸೂನ್‌ಗಳಿಗೆ ನಮ್ಮ ನಾಗಸ್ವರದ ಹಾಗೆ ಜೋಡಿ ರೀಡ್, ಅಂದರೆ ಊದಿದಾಗ ಕಂಪಿಸುವ ಎರಡು ತೆಳು ಪಟ್ಟಿಗಳು. ನುಡಿಸುವ ಮುಂಚೆ ನೆನೆಸಬೇಕು. ಪುಟ್ಟ ಲೋಟದಲ್ಲಿ ನೀರಿಡಿ, ವಿಗ್ರಹ, ಚಿತ್ರಗಳಿಂದ ದೂರ. ಫ್ಯಾನ್ ಗಾಳಿ ಕಲಾವಿದರ ಮೇಲೆ ನೇರ ಬೀಳಬಾರದು, ರೀಡ್ ಒಣಗುತ್ತದೆ.

ಕೊಡೆಗಳು ಜಗಲಿಯಲ್ಲೇ ಇರಲಿ.