ಗುಂಡಿಗೂ ಸಕ್ರಮ ಪತ್ರ: ವಿಡಂಬನೆ ಬರೆಯುವ ನನ್ನ ರೀತಿ

ರಾಜಕೀಯ ವಿಡಂಬನೆಗೆ ನಾನು ವಸ್ತು ಹುಡುಕುವುದು ಸುತ್ತೋಲೆ, ಪ್ರಕಟಣೆ, ಅರ್ಜಿ ನಮೂನೆಗಳಲ್ಲಿ. ನಾಯಕರ ಭಾಷಣ ಹಿಡಿದರೆ ಬಹಳವೆಂದರೆ ಮಿಮಿಕ್ರಿ ಆದೀತು. ಆಡಳಿತ ಜನರ ದಿನಚರಿಗೆ ಕೈಹಾಕುವುದು ಅರ್ಜಿಯ ಮೂಲಕ: ಎಷ್ಟು ಪ್ರತಿ, ಯಾರ ಸಹಿ, ಯಾವ ಕೌಂಟರ್.

ಇಡೀ ಬರಹದಲ್ಲಿ ಒಂದೇ ಒಂದು ಸುಳ್ಳು, ಅದೂ ಮೊದಲ ಎರಡು ಸಾಲಿನೊಳಗೆ. ಮಿಕ್ಕದ್ದೆಲ್ಲ ಕಚೇರಿಯ ಮಾಮೂಲಿ ತರ್ಕದಂತೆಯೇ ಸಾಗಬೇಕು. ರಸ್ತೆಗುಂಡಿಯನ್ನು ಮುಚ್ಚುವ ಬದಲು ಸಕ್ರಮಗೊಳಿಸುತ್ತಾರೆ ಎಂದಿಟ್ಟುಕೊಳ್ಳಿ. ಮುಂದಿನದು ಹೀಗೆ ಬರುತ್ತದೆ: “ಮೂರು ಮಳೆಗಾಲ ಪೂರೈಸಿದ ಗುಂಡಿಗಳು ಮಾತ್ರ ಅರ್ಹ. ಆಳದ ದೃಢೀಕರಣ ಪತ್ರವನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು. ನೀರು ನಿಂತ ಗುಂಡಿಗಳು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಅಂಥವರು ಕೆರೆ ವಿಭಾಗವನ್ನು ಸಂಪರ್ಕಿಸತಕ್ಕದ್ದು.” ನಗು ಹುಟ್ಟುವುದು ಆ ಕೊನೆಯ ಸಾಲಿನಲ್ಲಿ. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎನ್ನಿಸಿಕೊಂಡು ವಾಪಸಾಗದವರು ಯಾರಿದ್ದಾರೆ? ಇಲ್ಲಿಗೆ ಎರಡನೇ ಸುಳ್ಳು ತಂದರೆ, ಅಂದರೆ ಗುಂಡಿ ಮಾತಾಡಿದರೆ ಅಥವಾ ಮಂತ್ರಿ ಅದರೊಳಗೆ ಬಿದ್ದರೆ, ಕಚೇರಿ ಮರೆಯಾಗಿ ಬರೀ ಕೋಡಂಗಿಯಾಟ ಉಳಿಯುತ್ತದೆ.

ದನಿ ಏರಬಾರದು. ಐರಿಶ್ ಲೇಖಕ ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ ವಿಡಂಬನೆ ‘ಎ ಮಾಡೆಸ್ಟ್ ಪ್ರಪೋಸಲ್’ ಐರ್ಲೆಂಡಿನ ಬಡವರ ಮಕ್ಕಳನ್ನು ಸಿರಿವಂತರ ಊಟಕ್ಕೆ ಮಾರುವ ಸಲಹೆ ಕೊಡುತ್ತದೆ. ಹುಟ್ಟಿದಾಗ 12 ಪೌಂಡ್, ವರ್ಷ ತುಂಬುವಾಗ 28 ಪೌಂಡ್ ಎಂದು ತೂಕವನ್ನೂ ತಣ್ಣಗೆ ಲೆಕ್ಕ ಹಾಕುತ್ತದೆ. ಓದುವವರ ಮೈ ಜುಂ ಎನ್ನುವುದು ಆ ಲೆಕ್ಕಕ್ಕೇ. ಬಡವರನ್ನು ಬರೀ ಅಂಕಿಯಾಗಿ ಕಂಡವರ ದನಿ ಅದರಲ್ಲಿ ಹಾಗೇ ಕೇಳುತ್ತದೆ. ಅದಕ್ಕೇ ನಾನು ಅಂಕಿ, ಅಳತೆ, ಗಡುವುಗಳನ್ನು ಧಾರಾಳವಾಗಿ ಹಾಕಿ ಆಶ್ಚರ್ಯಸೂಚಕ ಚಿಹ್ನೆಗಳನ್ನೆಲ್ಲ ತೆಗೆಯುತ್ತೇನೆ.

ಗುರಿ ಯಾವಾಗಲೂ ಮೊಹರು ಹಿಡಿದವನು. ಸಾಲಿನಲ್ಲಿ ನಿಂತವನ ಪೆದ್ದುತನ, ಯಾರದೇ ಜಾತಿ, ಮೈಕಟ್ಟು, ಮಾತಿನ ಧಾಟಿ ಇಟ್ಟುಕೊಂಡು ನಗಿಸಹೊರಟರೆ ಅಧಿಕಾರಕ್ಕೆ ಬಿಸಿ ತಟ್ಟುವುದಿಲ್ಲ.

ಮುಗಿದ ಮೇಲೆ ವಾರ್ತೆ ಓದುವ ಧಾಟಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಓದುವಾಗ ನನಗೇ ನಗು ತಡೆಯದ ಸಾಲು ಸಾಮಾನ್ಯವಾಗಿ ಜಾಣತನ ಮೆರೆಸುವ ಸಾಲು, ಅದಕ್ಕೆ ಕತ್ತರಿ. ಕೊನೆಯ ಪ್ಯಾರಾದಲ್ಲಿ ಉಪದೇಶ ನುಸುಳಿರುತ್ತದೆ, ಅದಕ್ಕೂ.

ಇನ್ನೊಂದು: ‘ವಿಡಂಬನೆ’ ಎಂಬ ಹಣೆಪಟ್ಟಿಯನ್ನು ಶೀರ್ಷಿಕೆಯ ಜೊತೆಗೆ ಬರಹದ ನಡುವೆಯೂ ಹಾಕಿ. ವಾಟ್ಸಾಪ್‌ನಲ್ಲಿ ಓಡಾಡುವಾಗ ಮೊದಲು ಕಳಚಿಬೀಳುವುದು ಶೀರ್ಷಿಕೆಯೇ. ನಿಜವಾದ ಲಾಂಛನ, ಸಹಿ, ಆದೇಶ ಸಂಖ್ಯೆ ಬಳಸಲೇಬೇಡಿ. ಗುಂಡಿ ಸಕ್ರಮಕ್ಕೆ ಅರ್ಜಿ ಹಿಡಿದು ಯಾರಾದರೂ ಕಚೇರಿಗೆ ಹೋಗಿಯೇಬಿಟ್ಟಾರು.